ಕೂಟದಲ್ಲಿ ಎತ್ತಿದ ಕೈ, ಸೋಮವಾರದ ಬೆಳಗು: ಮಿಷನರಿ ಕರೆಯನ್ನು ಒರೆಗೆ ಹಚ್ಚುವ ಬಗೆ

ಉಜ್ಜೀವನ ಕೂಟದ ಕೊನೆಯ ರಾತ್ರಿ. ಅರ್ಧ ದೀಪ ಆರಿಸಿದ್ದಾರೆ, ಕೀಬೋರ್ಡು ಮೆಲ್ಲಗೆ ನುಡಿಯುತ್ತಿದೆ, ಪ್ರಸಂಗಿಗಳು "ಕರ್ತನಿಗಾಗಿ ಯಾರು ಹೋಗುತ್ತೀರಿ?" ಎಂದು ಮೂರನೇ ಸಲ ಕೇಳುತ್ತಿದ್ದಾರೆ. ಅಲ್ಲೊಂದು ಇಲ್ಲೊಂದು ಕೈ ಏಳುತ್ತದೆ. ಆಮೇಲೆ ಒಂದು ಕಾರ್ಡು: ಹೆಸರು, ಸಭೆ, ಫೋನ್ ನಂಬರು, "ಪೂರ್ಣಕಾಲಿಕ ಸೇವೆಗೆ ಸಮರ್ಪಣೆ" ಎಂಬ ಚೌಕದಲ್ಲಿ ಒಂದು ಟಿಕ್ಕು. ಸೋಮವಾರ ಬೆಳಿಗ್ಗೆ ಆ ಕಾರ್ಡು ಯಾವುದೋ ಕಪಾಟಿನಲ್ಲಿರುತ್ತದೆ, ಕೈ ಎತ್ತಿದವರು ಎಂದಿನ ಬಸ್ಸಿನಲ್ಲಿರುತ್ತಾರೆ. ಮುಂದೇನು ಎಂದು ಹೇಳಿಕೊಡುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ.

ಈ ಬರಹ ಆ ಸೋಮವಾರಕ್ಕೆ. ಓದುವವರು ಇಪ್ಪತ್ತರಿಂದ ಮೂವತ್ತೈದರೊಳಗಿನ ಕನ್ನಡದ ಪ್ರೊಟೆಸ್ಟೆಂಟ್ ಸಭೆಯವರು, ಒಡಿಶಾ, ಜಾರ್ಖಂಡ್, ಛತ್ತೀಸಗಢ ಅಥವಾ ಈಶಾನ್ಯದ ಕಡೆ ಬೇರೆ ಭಾಷೆಯ ಜನರ ನಡುವೆ ಹೋಗಿ ನೆಲೆಸುವ ಯೋಚನೆಯಲ್ಲಿದ್ದಾರೆ ಎಂದು ಇಟ್ಟುಕೊಂಡಿದ್ದೇವೆ. ಪೂರ್ತಿ ಪರೀಕ್ಷೆಗೆ ಒಂದು ವರ್ಷ ಹಿಡಿಯುತ್ತದೆ, ಮದುವೆಯಾಗಿದ್ದರೆ ಒಂದೂವರೆ ವರ್ಷ. ಅಷ್ಟು ಕಾಯಲು ಆಗದು ಅನ್ನಿಸಿದರೆ ಆ ಆತುರವನ್ನೇ ಮೊದಲು ಬರೆದಿಟ್ಟುಕೊಳ್ಳಿ.

ಮೊದಲೇ ಒಂದು ಮಾತು. ಕರೆ ಎಂದರೆ ದೇವರಿಗೂ ನನಗೂ ನಡುವೆ ನಡೆಯುವ ಗುಟ್ಟಿನ ಮಾತುಕತೆ ಎಂಬ ಭಾವನೆ ನಮ್ಮ ಸಭೆಗಳಲ್ಲಿ ಬಲವಾಗಿದೆ. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು 13ನೇ ಅಧ್ಯಾಯ ಹಾಗೆ ಹೇಳುವುದಿಲ್ಲ. ಅಂತಿಯೋಕ್ಯದಲ್ಲಿ ಪವಿತ್ರಾತ್ಮನ ಮಾತು ಬಂದದ್ದು ಉಪವಾಸದಿಂದ ಆರಾಧಿಸುತ್ತಿದ್ದವರ ಗುಂಪಿಗೆ. ಬಾರ್ನಬನನ್ನೂ ಸೌಲನನ್ನೂ (ಮುಂದೆ ಪೌಲ ಎನಿಸಿಕೊಂಡವನು ಇವನೇ) ಬೇರೆ ಮಾಡಿ ಎಂದು ಹೇಳಿದ್ದು ಅವರಿಗೆ, ಕೈಯಿಟ್ಟು ಕಳುಹಿಸಿದ್ದೂ ಅವರೇ. ಸೌಲನಿಗೆ ಕ್ರಿಸ್ತನ ದರ್ಶನವಾದ ದಮಸ್ಕದ ದಾರಿಯಲ್ಲೇ ಗೊತ್ತಾಗಿತ್ತಲ್ಲ ಎನ್ನಬಹುದು. ಗೊತ್ತಾಗಿತ್ತು, ನಿಜ. ಆದರೆ ಅಲ್ಲಿಂದ ಅಂತಿಯೋಕ್ಯದ ಆ ದಿನದವರೆಗೆ ಹತ್ತು ವರ್ಷದ ಮೇಲಾಗಿತ್ತು, ಅದರಲ್ಲಿ ಕಡೆಗೆ ಒಂದು ವರ್ಷವಾದರೂ ಅವನು ಅಂತಿಯೋಕ್ಯದ ಸಭೆಯ ಕಣ್ಣೆದುರು ಇದ್ದ. ಮುಂದೆ ಬರುವ ಹೆಜ್ಜೆಗಳೆಲ್ಲ ಇದರ ಮೇಲೆಯೇ ನಿಂತಿವೆ: ನಿಮಗೆ ಕೇಳಿಸಿದ್ದನ್ನು ನಿಮ್ಮನ್ನು ಬಲ್ಲವರೂ ಕೇಳಿಸಿಕೊಳ್ಳಬೇಕು.

ಮೊದಲ ನಲವತ್ತು ದಿನ: ಯಾರಿಗೂ ಹೇಳಬೇಡಿ, ರಾಜೀನಾಮೆ ಕೊಡಬೇಡಿ

ಮೊದಲ ತಪ್ಪೆಂದರೆ ಸಭೆಯಲ್ಲಿ ಸಾಕ್ಷಿ ಹೇಳುವುದು. ಮುಂದಿನ ಭಾನುವಾರವೇ ಎದ್ದು ನಿಂತು "ಕರ್ತರು ನನ್ನನ್ನು ಮಿಷನರಿಯಾಗಿ ಕರೆದಿದ್ದಾರೆ" ಎಂದುಬಿಟ್ಟರೆ ಚಪ್ಪಾಳೆ ಬೀಳುತ್ತದೆ, ಮಾರನೇ ದಿನದಿಂದ ಎಲ್ಲರೂ "ಯಾವಾಗ ಹೊರಡುತ್ತೀರಿ?" ಎಂದು ಕೇಳತೊಡಗುತ್ತಾರೆ. ಆಮೇಲೆ ಸಂಶಯ ಬಂದರೂ ಹಿಂದಕ್ಕೆ ಬರಲು ನಾಚಿಕೆ. ಕರೆ ಇಲ್ಲದೆ, ಆಡಿದ ಮಾತಿನ ಮರ್ಯಾದೆಗಾಗಿ ಹೊರಟವರು ಎಷ್ಟೋ ಮಂದಿ.

ಲೊಯೋಲದ ಕಥೋಲಿಕ ಸಂತ ಇಗ್ನೇಷಿಯಸ್ ತಮ್ಮ ಆತ್ಮಿಕ ಸಾಧನೆಗಳ ಕೈಪಿಡಿಯಲ್ಲಿ ಇದಕ್ಕೆ ಎರಡು ಕಟ್ಟಳೆ ಇಟ್ಟಿದ್ದಾರೆ. ಅದು 1548ರಲ್ಲಿ ಅಚ್ಚಾದದ್ದು. ಮನಸ್ಸು ಬರಡಾಗಿರುವಾಗ ಮೊದಲು ಮಾಡಿದ ನಿರ್ಧಾರವನ್ನು ಬದಲಿಸಬೇಡ ಎಂಬುದು ಎಲ್ಲರಿಗೂ ಗೊತ್ತಿರುವ ಕಟ್ಟಳೆ. ಇನ್ನೊಂದು ಅಷ್ಟಾಗಿ ಕಿವಿಗೆ ಬಿದ್ದಿರುವುದಿಲ್ಲ: ಮನಸ್ಸು ಉಕ್ಕಿ ಹರಿಯುತ್ತಿರುವವನು ಆ ಭರದಲ್ಲಿ ಹರಕೆ ಹೊರದಂತೆ ಮಾರ್ಗದರ್ಶಕ ತಡೆಯಬೇಕು. ಉಜ್ಜೀವನ ಕೂಟದ ಕೊನೆಯ ರಾತ್ರಿಗೆ ಹೇಳಿ ಮಾಡಿಸಿದ ಮಾತು. ಪ್ರೊಟೆಸ್ಟೆಂಟರು ಇಗ್ನೇಷಿಯಸರಿಂದ ಕಲಿಯಬಾರದೆಂದು ಎಲ್ಲೂ ಬರೆದಿಲ್ಲ.

ನಲವತ್ತು ದಿನದ ಕೆಲಸ ಇಷ್ಟೆ. ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಳ್ಳಿ. ದಿನಕ್ಕೆ ಇಪ್ಪತ್ತು ನಿಮಿಷ ಪ್ರಾರ್ಥನೆ, ಹತ್ತು ನಿಮಿಷ ಬರಹ. ಮೊದಲ ವಾರದಲ್ಲಿ ಮೂರು ಪುಟ ತುಂಬಿಸಿ. ಒಂದರಲ್ಲಿ ನಡೆದದ್ದು: ಯಾವ ದಿನ, ಯಾವ ವಾಕ್ಯ, ಯಾರ ಮಾತು, ಆಗ ಏನನ್ನಿಸಿತು. ಎರಡನೆಯದರಲ್ಲಿ ಎಲ್ಲಿಗೆ ಹೋಗಬೇಕೆನಿಸುತ್ತಿದೆ. ಮೂರನೆಯದರಲ್ಲಿ ಎಲ್ಲಿಂದ ಹೋಗಬೇಕೆನಿಸುತ್ತಿದೆ. ಈ ಮೂರನೇ ಪುಟವೇ ಕಷ್ಟದ್ದು. ಡಿಗ್ರಿಯಲ್ಲಿ ಎರಡು ವಿಷಯ ಬಾಕಿ ಇದೆಯೇ? ಕೆಲಸ ಸಿಕ್ಕಿಲ್ಲವೇ? ಗೊತ್ತಾದ ಮದುವೆ ಮುರಿಯಿತೇ? ಮನೆಯಲ್ಲಿ ಅಣ್ಣನ ಜೊತೆ ಮಾತಿಲ್ಲವೇ? ಪಾಸ್ಟರರ ಮೇಲೆ ಸಿಟ್ಟಿದೆಯೇ? ಇವುಗಳಲ್ಲಿ ಒಂದಿದ್ದ ಮಾತ್ರಕ್ಕೆ ಕರೆ ಸುಳ್ಳಾಗುವುದಿಲ್ಲ. ಆದರೆ ಬಿಟ್ಟು ಓಡುವವರ ಬೆನ್ನಿಗೆ ಮನೆಯ ಜಗಳವೂ ಅಂಟಿಕೊಂಡೇ ಬರುತ್ತದೆ. ಪಾಸ್ಟರರ ಜೊತೆ ಹೊಂದಿಕೊಳ್ಳಲಾಗದವರು ಫೀಲ್ಡಿನ, ಅಂದರೆ ಹೋಗಿ ನೆಲೆಸುವ ಸೇವಾಸ್ಥಳದ, ಮೇಲ್ವಿಚಾರಕರ ಜೊತೆಯೂ ಹೊಂದಿಕೊಳ್ಳುವುದಿಲ್ಲ, ಅಲ್ಲಿ ಬೇರೆ ಸಭೆಗೆ ಹೋಗುವ ಆಯ್ಕೆಯೂ ಇರುವುದಿಲ್ಲ.

ನಲವತ್ತನೇ ದಿನ ಮೊದಲ ಪುಟವನ್ನು ಮತ್ತೆ ಓದಿ. ಅಂದಿನ ಭಾವೋದ್ರೇಕ ಇಳಿದಿರುತ್ತದೆ, ಇಳಿಯಲೇಬೇಕು. ಅದು ಇಳಿದ ಮೇಲೂ ಭಾರ ಉಳಿದಿದೆಯೇ? ಉಳಿದಿದ್ದರೆ ಮುಂದಕ್ಕೆ ಹೋಗಿ. ಉಳಿದಿಲ್ಲದಿದ್ದರೆ ಕಾರ್ಡು ತುಂಬಿಸಿದ್ದಕ್ಕಾಗಿ ಅಪರಾಧಿ ಭಾವ ಬೇಡ.

ಗುರುತು ಕೇಳುವ ಚಟ

ಹೊಸ ವರ್ಷದ ರಾತ್ರಿ ವಾಗ್ದಾನದ ಚೀಟಿ ಎತ್ತುವ ಅಭ್ಯಾಸ ಇರುವವರಿಗೆ ಕರೆಯನ್ನೂ ಹಾಗೇ ಎತ್ತಿ ನೋಡುವ ಆಸೆಯಾಗುತ್ತದೆ. ಕಣ್ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟ ವಾಕ್ಯ, "ನಾಳೆ ಹತ್ತು ಗಂಟೆಯೊಳಗೆ ಫೋನ್ ಬಂದರೆ ಹೋಗುತ್ತೇನೆ" ಎಂಬ ಒಪ್ಪಂದ, ಗಿದ್ಯೋನನ ತುಪ್ಪಟ (ಕಣದಲ್ಲಿ ಉಣ್ಣೆ ಹಾಸಿ, ಅದರ ಮೇಲೆ ಇಬ್ಬನಿ ಬೀಳುವುದೋ ಇಲ್ಲವೋ ಎಂದು ದೇವರ ಗುರುತು ಕೇಳಿದ್ದು). ಗಿದ್ಯೋನನಿಗೆ ತುಪ್ಪಟ ಇಡುವ ಮೊದಲೇ ದೇವರ ಮಾತು ಸ್ಪಷ್ಟವಾಗಿ ಬಂದಿತ್ತು, ಅವನು ಕೇಳಿದ್ದು ಅಪನಂಬಿಕೆಯಿಂದ. ನಾವು ಅದನ್ನು ವಿಧಾನ ಮಾಡಿಕೊಂಡಿದ್ದೇವೆ.

ಗುರುತಿಗಿಂತ ಹೆಚ್ಚು ಬೆಲೆ ಬಾಳುವ ಒಂದು ಸಂಗತಿ ಕೃತ್ಯಗಳು 16ರಲ್ಲಿದೆ. ಪೌಲನ ಗುಂಪು ಆಸ್ಯಕ್ಕೆ ಹೋಗಹೊರಟಿತು, ತಡೆಯಾಯಿತು. ಬಿಥೂನ್ಯಕ್ಕೆ ಪ್ರಯತ್ನಿಸಿತು, ಅದಕ್ಕೂ ತಡೆ. ತ್ರೋವದಲ್ಲಿ ರಾತ್ರಿ ಮಕೆದೋನ್ಯದವನೊಬ್ಬನ ದರ್ಶನವಾಯಿತು. ದರ್ಶನ ಕಂಡವನು ಪೌಲನೊಬ್ಬನೇ, ಆದರೆ ಹೊರಡಬೇಕೆಂದು ನಿಶ್ಚಯಿಸಿದವರು "ನಾವು". ಕಂಡದ್ದನ್ನು ಜೊತೆಯವರ ಮುಂದಿಟ್ಟು ಕೂಡಿಯೇ ತೂಗಿದರು. (ಅಲ್ಲಿ ಹೋದಾಗ ಮೊದಲು ಸಿಕ್ಕಿದ್ದು ದರ್ಶನದ ಗಂಡಸಲ್ಲ, ಹೊಳೆಯ ದಡದಲ್ಲಿ ಕೂತಿದ್ದ ಲುದ್ಯ ಎಂಬ ಹೆಂಗಸು. ನೀವು ಮನಸ್ಸಿನಲ್ಲಿ ಬರೆದುಕೊಂಡ ಚಿತ್ರ ಫೀಲ್ಡಿನಲ್ಲಿ ಹಾಗೆಯೇ ಇರುತ್ತದೆಂದು ಎಣಿಸಬೇಡಿ.) ಬಾಗಿಲು ಎರಡು ಸಲ ಮುಚ್ಚಿದ್ದೂ ದಾರಿ ತೋರಿದ್ದೇ. ಕೂತಲ್ಲೇ ಕೂತು ಗುರುತಿಗೆ ಕಾದವರಿಗಿಂತ ನಡೆಯುತ್ತಿದ್ದವರಿಗೆ ದಿಕ್ಕು ಬೇಗ ಗೊತ್ತಾಯಿತು.

ಮೂವರಿಗೆ ಹೇಳಿ

ಎರಡನೇ ತಿಂಗಳಲ್ಲಿ ಮೂವರಿಗೆ ಹೇಳಿ, ಹೆಚ್ಚಿಗೆ ಬೇಡ. ಒಬ್ಬರು ನಿಮ್ಮ ಸಭಾಪಾಲಕರು. ಇನ್ನೊಬ್ಬರು ನಿಮ್ಮೊಡನೆ ಒಂದೇ ಸೂರಿನಡಿ ಇದ್ದವರು: ಹಾಸ್ಟೆಲ್ ರೂಮಿನವರೋ ಅಕ್ಕನೋ, ನೀವು ಹಸಿದಾಗ, ಸೋತಾಗ, ಪಾತ್ರೆ ತೊಳೆಯುವ ಸರದಿ ಬಂದಾಗ ಹೇಗಿರುತ್ತೀರಿ ಎಂದು ಕಂಡವರು. ಮೂರನೆಯವರು ಫೀಲ್ಡಿನಿಂದ ವಾಪಸು ಬಂದವರು, ಸಾಧ್ಯವಾದರೆ ಬೇಸರದಿಂದ ವಾಪಸು ಬಂದವರು.

"ನನಗೆ ಕರೆ ಇದೆ ಅನ್ನಿಸುತ್ತದೆಯೇ?" ಎಂದು ಕೇಳಬೇಡಿ. ಅದಕ್ಕೆ ಇಲ್ಲ ಎನ್ನುವ ಧೈರ್ಯ ಯಾರಿಗೂ ಇರುವುದಿಲ್ಲ, ಇಲ್ಲ ಎಂದರೆ ದೇವರಿಗೆ ಅಡ್ಡ ಬಂದಂತಾದೀತು ಎಂಬ ಹೆದರಿಕೆ. ಹೀಗೆ ಕೇಳಿ: ನಾನು ಯಾವ ಕೆಲಸವನ್ನು ಅರ್ಧಕ್ಕೆ ಬಿಟ್ಟದ್ದನ್ನು ನೋಡಿದ್ದೀರಿ? ಯಾರಾದರೂ ತಿದ್ದಿದಾಗ ನಾನು ಏನು ಮಾಡುತ್ತೇನೆ? ದುಡ್ಡಿನ ವಿಷಯದಲ್ಲಿ ನನ್ನನ್ನು ನಂಬುತ್ತೀರಾ? ನಾನು ನಿಮ್ಮ ಮನೆಯಲ್ಲಿ ಎರಡು ವರ್ಷ ಇದ್ದರೆ ನಿಮಗೆ ಸಹಿಸಲಾಗುತ್ತದೆಯೇ? ಉತ್ತರಕ್ಕೆ ವಾದ ಹೂಡದೆ ಅವರ ಮಾತಿನಲ್ಲೇ ಬರೆದುಕೊಳ್ಳಿ.

ತಿಮೊಥೆಯನ್ನು ಪೌಲ ಜೊತೆಗೆ ಕರೆದುಕೊಂಡದ್ದು ಲುಸ್ತ್ರದಲ್ಲೂ ಇಕೋನ್ಯದಲ್ಲೂ ಇದ್ದ ಸಹೋದರರು ಅವನ ಬಗ್ಗೆ ಒಳ್ಳೇ ಮಾತು ಹೇಳುತ್ತಿದ್ದರು ಎಂಬ ಕಾರಣಕ್ಕೆ. ಸ್ವಂತ ಊರಿನವರು ಮಾತ್ರವಲ್ಲ, ಪಕ್ಕದ ಊರಿನವರೂ. ನಿಮ್ಮ ಸಭೆಯ ಹೊರಗಿನವರು, ಆಫೀಸಿನವರು, ಬಾಡಿಗೆ ಮನೆಯ ಮಾಲೀಕರು ಏನೆನ್ನುತ್ತಾರೆ ಎಂಬುದೂ ಅದೇ ಲೆಕ್ಕಕ್ಕೆ ಸೇರಿದ್ದು.

ಮೂರರಿಂದ ಎಂಟನೇ ತಿಂಗಳು: ಇಲ್ಲೇ ಮಾಡಿ ತೋರಿಸಿ

ಇಲ್ಲಿ ಮಾಡದ ಕೆಲಸವನ್ನು ಅಲ್ಲಿ ಹೋಗಿ ಮಾಡುತ್ತೇನೆ ಎನ್ನುವವರು ಬಹಳ. ರೈಲು ಹತ್ತಿದ ಮಾತ್ರಕ್ಕೆ ಮನುಷ್ಯ ಬದಲಾಗುವುದಿಲ್ಲ. ಈ ಆರು ತಿಂಗಳಲ್ಲಿ ಮೂರು ಸಂಗತಿ ಪರೀಕ್ಷೆಗೆ ಬರಬೇಕು.

ಒಂದು, ಯಾರೂ ನೋಡದ ಕೆಲಸ. ಸಂಡೇ ಸ್ಕೂಲಿನ ಚಿಕ್ಕ ಮಕ್ಕಳ ತರಗತಿ, ಆಸ್ಪತ್ರೆಯ ಭೇಟಿ, ಚರ್ಚಿನ ಲೆಕ್ಕ ಬರೆಯುವುದು, ಇವುಗಳಲ್ಲಿ ಒಂದನ್ನು ಹಿಡಿದು ಇಪ್ಪತ್ತಾರು ವಾರ ತಪ್ಪದೆ ಮಾಡಿ. ತಪ್ಪಿದ ವಾರಗಳನ್ನು ಗುರುತು ಹಾಕಿ. ಮೈಕು ಸಿಗುವ ಕೆಲಸ ಬೇಡ. ಫೀಲ್ಡಿನಲ್ಲಿ ಮೊದಲ ಎರಡು ವರ್ಷ ಮೈಕು ಇರುವುದೇ ಇಲ್ಲ, ಭಾಷೆ ಬಾರದೆ ಬಾಯಿಯೇ ಇರುವುದಿಲ್ಲ.

ಎರಡು, ಭಾಷೆ. ಇದಕ್ಕೆ ಹೆಚ್ಚು ಹೊತ್ತು ಕೊಡಿ, ಏಕೆಂದರೆ ಹೋದವರಲ್ಲಿ ಬಹಳ ಮಂದಿ ಸೋಲುವುದು ಇಲ್ಲೇ. ಹಿಂದಿ ಬಂದರೆ ಸಾಕು ಎಂಬ ಭ್ರಮೆಯಿಂದ ಹೊರಡುತ್ತಾರೆ. ಹಿಂದಿ ಸಂತೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ನಡೆಯುತ್ತದೆ. ಒಲೆಯ ಮುಂದೆ ಕೂತ ಅಜ್ಜಿ ಮಾತಾಡುವುದು ಕುಯಿ, ಕುರುಖ್, ಗೊಂಡಿ, ಸಂತಾಲಿ. ಈ ಮೊದಲ ಮೂರೂ ದ್ರಾವಿಡ ಭಾಷೆಗಳು, ಕನ್ನಡದ ದೂರದ ನೆಂಟರು. ಅಲ್ಲೊಂದು ಇಲ್ಲೊಂದು ಪದ ಕಿವಿಗೆ ಪರಿಚಿತವೆನಿಸೀತು, ಆದರೆ ಆ ನೆಂಟಸ್ತಿಕೆಯನ್ನು ನಂಬಿ ಕೂತರೆ ಭಾಷೆ ಬರುವುದಿಲ್ಲ. ಸಂತಾಲಿಯಂತೂ ಬೇರೆಯೇ ಕುಟುಂಬದ್ದು.

ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಒಡಿಯಾ, ಅಸ್ಸಾಮಿ, ನೇಪಾಳಿ ಮಾತಾಡುವವರಿದ್ದಾರೆ. ವಿಜಯಪುರ, ಕಲಬುರಗಿ ಕಡೆಯಾದರೆ ಲಂಬಾಣಿ ತಾಂಡಾಗಳಿವೆ. ಒಂದು ಭಾಷೆ ಆರಿಸಿಕೊಂಡು ತೊಂಬತ್ತು ದಿನ ಹೀಗೆ ಮಾಡಿ: ಆ ಭಾಷೆಯವರೊಬ್ಬರನ್ನು ಕೇಳಿ ದಿನಕ್ಕೆ ನಾಲ್ಕು ವಾಕ್ಯ ಕಲಿಯಿರಿ, ಅವರ ಬಾಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅದೇ ದಿನ ಆ ನಾಲ್ಕು ವಾಕ್ಯವನ್ನು ಹತ್ತು ಬೇರೆ ಜನರ ಮುಂದೆ ಆಡಿ. ಮೊದಲ ದಿನದ ವಾಕ್ಯಗಳು: ನಮಸ್ಕಾರ. ನಾನು ನಿಮ್ಮ ಭಾಷೆ ಕಲಿಯುತ್ತಿದ್ದೇನೆ. ನನಗೆ ಬರುವುದು ಇಷ್ಟೇ. ನಾಳೆ ಮತ್ತೆ ಬರುತ್ತೇನೆ. ಜನ ನಗುತ್ತಾರೆ, ಮಕ್ಕಳು ನಿಮ್ಮ ಉಚ್ಚಾರಣೆಯನ್ನು ಅಣಕಿಸುತ್ತಾರೆ. ಗಮನಿಸಬೇಕಾದ್ದು ಎಷ್ಟು ಪದ ಕಲಿತಿರಿ ಎಂಬುದನ್ನಲ್ಲ. ನಗುವಾಗ ನೀವೂ ನಕ್ಕಿರಾ, ಮೈ ಉರಿಯಿತೇ? ಮೂವತ್ತನೇ ದಿನ ಇನ್ನೂ ಹೋಗಬೇಕೆನಿಸಿತೇ? ಪುಸ್ತಕದಿಂದ ಬೇಗ ಕಲಿಯುವ ಜಾಣರು ಇಲ್ಲಿ ಸೋಲುವುದೂ, ಎಸ್ಎಸ್ಎಲ್‌ಸಿಯಲ್ಲಿ ಇಂಗ್ಲಿಷ್ ಫೇಲಾದವರು ಗೆಲ್ಲುವುದೂ ಉಂಟು.

ಈ ತೊಂಬತ್ತು ದಿನ ಭಾಷೆ ಮಾತ್ರ, ಕರಪತ್ರ ಬೇಡ. ಕಲಿಸುವವರನ್ನು ಗಾಳಕ್ಕೆ ಬೀಳಬೇಕಾದ ಮೀನಿನಂತೆ ನೋಡಿದರೆ ಅವರಿಗೆ ಗೊತ್ತಾಗುತ್ತದೆ. ಜನರನ್ನು ಜನರೆಂದೇ ಇಷ್ಟಪಡಲು ಬಾರದವರು, ಅವರ ಹಾಡು, ಊಟ, ಹಟ್ಟಿಯ ರೀತಿಗೆ ಮೂಗು ಮುರಿಯುವವರು ಹೋಗದಿರುವುದೇ ಒಳ್ಳೆಯದು.

ಮೂರು, ಇರುವ ಕೈಗುಣ. ಮಿಷನರಿ ಎಂದರೆ ಪ್ರಸಂಗಿ ಎಂದಷ್ಟೇ ತಿಳಿದು ಒಳ್ಳೆಯ ನರ್ಸು, ಲೆಕ್ಕಿಗ, ಮೆಕ್ಯಾನಿಕ್ ತಮ್ಮ ಕೆಲಸ ಬಿಟ್ಟು ಕೆಟ್ಟ ಪ್ರಸಂಗಿಗಳಾಗುತ್ತಾರೆ. ನಮ್ಮ ನೆಲದ ಚರಿತ್ರೆಯನ್ನೇ ನೋಡಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಕೈಯಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹುಟ್ಟಿತು. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. 1853ರಲ್ಲಿ ಬಂದ ಕಿಟ್ಟೆಲ್ ಪದಕೋಶಕ್ಕೆ ಕೂತರು, ಅದು ಅಚ್ಚಾದದ್ದು 1894ರಲ್ಲಿ. ಬಂದ ದಿನ ಇವರಲ್ಲಿ ಯಾರಿಗೂ ತಮ್ಮ ಕರೆಯ ಆಕಾರ ಪೂರ್ತಿ ಗೊತ್ತಿರಲಿಲ್ಲ.

ಮನೆಯ ಒಪ್ಪಿಗೆ

ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ 1793ರಲ್ಲಿ ಭಾರತಕ್ಕೆ ಬಂದದ್ದು ಎಲ್ಲರಿಗೂ ಗೊತ್ತು. ಹೆಂಡತಿ ಡೊರೊಥಿ ಮೊದಲು ಬರಲು ಒಪ್ಪಿರಲಿಲ್ಲ, ಕೊನೆಗಳಿಗೆಯಲ್ಲಿ ತಂಗಿಯೂ ಜೊತೆಗೆ ಬರುವುದಾದರೆ ಎಂದು ಹೊರಟಳು. ಮರುವರ್ಷ ಮಗ ಪೀಟರ್ ತೀರಿಹೋದ. ಆಕೆಯ ಮನಸ್ಸು ಕದಡಿತು, ಮತ್ತೆ ಸರಿಹೋಗಲಿಲ್ಲ, 1807ರಲ್ಲಿ ತೀರಿಕೊಂಡಳು. ಕೇರಿಯ ಕೆಲಸ ಎಷ್ಟು ದೊಡ್ಡದೆಂದು ಪ್ರಸಂಗಗಳಲ್ಲಿ ಕೇಳುತ್ತೇವೆ, ಡೊರೊಥಿಯ ಹೆಸರು ಬರುವುದು ಅಪರೂಪ.

ಮದುವೆಯಾದವರಿಗೆ ಕಟ್ಟಳೆ ಒಂದೇ: ಇಬ್ಬರಿಗೂ ಬೇರೆ ಬೇರೆ ನೋಟ್‌ಬುಕ್. ಗಂಡನ ಕರೆಗೆ ಹೆಂಡತಿ "ನೀವು ಹೇಳಿದ ಹಾಗೆ" ಎಂದರೆ ಅದನ್ನು ಒಪ್ಪಿಗೆ ಎಂದು ಲೆಕ್ಕ ಹಿಡಿಯಬೇಡಿ. ಇಬ್ಬರ ಬರಹವನ್ನೂ ಸಭಾಪಾಲಕರ ಮುಂದೆ, ಹೆಂಡತಿಯದನ್ನು ಮೊದಲು, ಓದಬೇಕು. ಒಬ್ಬರು ಇಲ್ಲ ಎಂದರೆ ಕನಿಷ್ಠ ಆರು ತಿಂಗಳು ಆ ಮಾತನ್ನು ಎತ್ತಬಾರದು. ಮದುವೆ ಗೊತ್ತಾಗಬೇಕಾದವರು ಹುಡುಗಿಯ ಮನೆಯವರಿಗೆ ಇದನ್ನು ಮೊದಲ ಭೇಟಿಯಲ್ಲೇ ಹೇಳಬೇಕು, ನಿಶ್ಚಿತಾರ್ಥದ ಮೇಲಲ್ಲ.

ತಂದೆತಾಯಿಗಳ ಮಾತು ಸ್ವಲ್ಪ ಬೇರೆ. ಅವರ ಕಣ್ಣೀರನ್ನೆಲ್ಲ ಸೈತಾನನ ತಡೆ ಎನ್ನುವವರಿದ್ದಾರೆ, ಅದು ಒರಟು ಮಾತು. ಅವರು ಕೇಳುವುದು ಬಹುತೇಕ ಲೆಕ್ಕದ ಪ್ರಶ್ನೆ: ಔಷಧಿಗೆ ಯಾರು ದುಡ್ಡು ಕೊಡುತ್ತಾರೆ, ತಂಗಿಯ ಮದುವೆ ಯಾರು ನೋಡುತ್ತಾರೆ, ನಾವು ಬಿದ್ದರೆ ಯಾರು ಬರುತ್ತಾರೆ. ಒಂದೊಂದಕ್ಕೂ ಹೆಸರು, ಮೊತ್ತ, ದಿನಾಂಕ ಹಾಕಿ ಉತ್ತರ ಬರೆದುಕೊಡಿ. ಸತ್ಯವೇದದಲ್ಲಿ ಯೆರೂಸಲೇಮಿನ ಗೋಡೆ ಕಟ್ಟಲು ಹೊರಟ ನೆಹೆಮೀಯ ನಾಲ್ಕು ತಿಂಗಳು ಪ್ರಾರ್ಥಿಸಿದ. ಅರಸನು ಕೇಳಿದಾಗ ಎಷ್ಟು ದಿನ ಬೇಕು, ಯಾವ ಅಧಿಪತಿಗಳಿಗೆ ಪತ್ರ ಬೇಕು, ಮರ ಯಾರ ತೋಪಿನಿಂದ ಬರಬೇಕು ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಪ್ರಾರ್ಥನೆಯ ಜೊತೆಗೇ ಲೆಕ್ಕವೂ ನಡೆದಿತ್ತು.

ಸಾಲ ಮತ್ತು ಸಂಬಳ

ಸಾಲ ತೀರುವ ಮುನ್ನ ಹೋಗಬೇಡಿ. ಶಿಕ್ಷಣ ಸಾಲದ ಕಂತು, ಎತ್ತಿಕೊಂಡ ಚೀಟಿ, ಚಿನ್ನದ ಮೇಲಿನ ಸಾಲ, ಸ್ನೇಹಿತನಿಗೆ ಹಾಕಿದ ಜಾಮೀನು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಉದಾಹರಣೆಗೆ ಸಂಬಳ 28,000, ಕಂತು 6,500, ಚೀಟಿ 4,000, ಮನೆಗೆ 8,000. ಉಳಿಯುವ 9,500ರಲ್ಲಿ ನಿಮ್ಮ ಜೀವನ. ಸೇರಬೇಕೆಂದಿರುವ ಸಂಸ್ಥೆ ಹೊಸಬರಿಗೆ ಎಷ್ಟು ಕೊಡುತ್ತದೆಂದು ಕೇಳಿ, ಮನೆ ಬಾಡಿಗೆ ಬಿಟ್ಟು ಅಷ್ಟರಲ್ಲೇ ಮೂರು ತಿಂಗಳು ಬದುಕಿ, ಉಳಿದದ್ದನ್ನು ಸಾಲಕ್ಕೆ ಕಟ್ಟಿ. ಸಾಲಗಾರ ಮಿಷನರಿ ಫೀಲ್ಡಿನಿಂದ ಬರೆಯುವ ಪ್ರಾರ್ಥನಾ ಪತ್ರಗಳೆಲ್ಲ ನಿಧಾನಕ್ಕೆ ದುಡ್ಡಿನ ಪತ್ರಗಳಾಗುತ್ತವೆ. ಕೇರಿ ಬಂದ ಹೊಸದರಲ್ಲೇ ಜೊತೆಗಾರ ಜಾನ್ ಥಾಮಸರ ಹಳೇ ಸಾಲ, ಕೈಬಿಗಿಯಿಲ್ಲದ ಖರ್ಚು ಇಬ್ಬರನ್ನೂ ಕಾಡಿದವು.

ದೇಹ

ಚಿಕ್ಕ ಮಾತು, ಆದರೆ ಬಿಡಬೇಡಿ. ಹೊರಡುವ ಮೊದಲು ರಕ್ತದೊತ್ತಡ, ಸಕ್ಕರೆ, ಹಲ್ಲು, ಕಣ್ಣು ತೋರಿಸಿ. ಒಡಿಶಾ, ಛತ್ತೀಸಗಢ, ಜಾರ್ಖಂಡಿನ ಕಾಡುಸೀಮೆ ಮಲೇರಿಯಾದ ಸೀಮೆ. ಜಿ6ಪಿಡಿ ಎಂಬ ರಕ್ತಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಪರ್ಸಿನಲ್ಲಿಡಿ: ಆ ಕಿಣ್ವದ ಕೊರತೆ ಇರುವವರಿಗೆ ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆ ರಕ್ತಕಣಗಳನ್ನೇ ಒಡೆಯುತ್ತದೆ. ಖಿನ್ನತೆಗೋ ಆತಂಕಕ್ಕೋ ಚಿಕಿತ್ಸೆ ಪಡೆದಿದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ಅದರಿಂದ ದಾರಿ ಮುಚ್ಚಿಹೋಗುತ್ತದೆಂದಲ್ಲ, ಹತ್ತಿರದ ವೈದ್ಯರು ಐದು ಗಂಟೆ ದೂರದಲ್ಲಿರುವ ಊರಿಗೆ ನಿಮ್ಮನ್ನು ಹಾಕಬಾರದು ಎಂಬುದಕ್ಕೆ.

ಒಂಬತ್ತನೇ ತಿಂಗಳು: ಹೋಗಿ ನೋಡಿ

ಹತ್ತರಿಂದ ಹದಿನಾಲ್ಕು ದಿನ. ಡಿಸೆಂಬರ್ ಬೇಡ, ಆಗ ಎಲ್ಲ ಕಡೆ ಕ್ರಿಸ್ಮಸ್ ಹಾಡು, ಹೊಸ ಬಟ್ಟೆ, ಎಲ್ಲವೂ ಚೆಂದ. ಮೇ ತಿಂಗಳ ಬಿಸಿಲಲ್ಲೋ ಜುಲೈ ಮಳೆಯಲ್ಲೋ ಹೋಗಿ. ಗೆಸ್ಟ್‌ಹೌಸ್ ಬೇಡ, ಮಿಷನರಿ ಕುಟುಂಬದ ಮನೆಯಲ್ಲೇ ಇರಿ. ಖರ್ಚನ್ನು ನೀವೇ ಹಾಕಿಕೊಳ್ಳಿ, ಅಕ್ಕಿ ಬೇಳೆಗೂ ಕೊಡಿ. ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರಕ್ಕಾದರೆ ಇನ್ನರ್ ಲೈನ್ ಪರ್ಮಿಟ್ (ಹೊರಗಿನವರು ಆ ರಾಜ್ಯದೊಳಗೆ ಹೋಗಲು ಬೇಕಾದ ಅನುಮತಿ) ಮೊದಲೇ ಮಾಡಿಸಿ.

ಅಲ್ಲಿ ಪ್ರಸಂಗ ಮಾಡಬೇಡಿ, ಕೇಳಿಕೊಂಡರೂ ಬೇಡ. ನೀರು ಹೊರಿ, ಮಕ್ಕಳಿಗೆ ಪಾಠ ಹೇಳಿ, ಸಂತೆಗೆ ಹೋಗಿ. ಫೋಟೋ ಹಿಡಿದು ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ. ನೀವು ವಾಪಸು ಬಂದಮೇಲೆ ಆ ಫೋಟೋದಿಂದ ತೊಂದರೆಯಾಗುವುದು ಅಲ್ಲಿನ ವಿಶ್ವಾಸಿಗಳಿಗೆ, ನಿಮಗಲ್ಲ. ಎಷ್ಟು ಜನ ವಿಶ್ವಾಸಿಗಳಾದರು ಎಂದು ಮಿಷನರಿಯನ್ನು ಕೇಳುವ ಬದಲು, ಕಳೆದ ವರ್ಷ ಯಾವ ವಾರ ಎಲ್ಲ ಬಿಟ್ಟು ಊರಿಗೆ ಹೋಗಬೇಕೆನಿಸಿತು ಎಂದು ಕೇಳಿ. ಕೇರಿ ಬಂದು ಏಳು ವರ್ಷದ ಮೇಲೆ, 1800ರ ಡಿಸೆಂಬರಿನಲ್ಲಿ, ಅವರ ಕೆಲಸದ ಮೊದಲ ಫಲವಾದ ಕೃಷ್ಣಪಾಲನ ದೀಕ್ಷಾಸ್ನಾನವಾಯಿತು. ನಿಮ್ಮ ಮೊದಲ ಏಳು ವರ್ಷದ ವರದಿಯಲ್ಲಿ ಸೊನ್ನೆ ಇದ್ದರೆ ನಿಮ್ಮ ಸಭೆ ಏನು ಹೇಳುತ್ತದೆ? ಅದನ್ನೂ ಹೊರಡುವ ಮೊದಲೇ ಕೇಳಬೇಕು. ಮಿಷನರಿಯ ಹೆಂಡತಿಯೊಡನೆ ಒಬ್ಬಳು ಹೆಣ್ಣುಮಗಳು ಬೇರೆಯಾಗಿ ಮಾತಾಡಲಿ: ಹೆರಿಗೆಗೆ ಎಲ್ಲಿಗೆ ಹೋದಿರಿ, ಮಕ್ಕಳ ಶಾಲೆ ಎಲ್ಲಿ, ಗಂಡ ಊರೂರು ಸುತ್ತುವಾಗ ರಾತ್ರಿ ಹೇಗೆ.

ವಾಪಸು ಬಂದ ವಾರ ಯಾವ ತೀರ್ಮಾನವೂ ಬೇಡ. ಮೂರು ವಾರ ಬಿಟ್ಟು ನೋಟ್‌ಬುಕ್ ತೆರೆಯಿರಿ.

ಸಂಸ್ಥೆಗೆ ಕೇಳಬೇಕಾದ್ದು, ಕಾನೂನಿನಲ್ಲಿ ತಿಳಿಯಬೇಕಾದ್ದು

ಒಂಟಿಯಾಗಿ ಹೊರಡುವುದನ್ನು ನಾವು ಒಪ್ಪುವುದಿಲ್ಲ. ಭಾರತೀಯರೇ ಕಟ್ಟಿದ ಸಂಸ್ಥೆಗಳಿಗೆ ನೂರು ವರ್ಷ ದಾಟಿದ ಅನುಭವವಿದೆ: ತಿರುನೆಲ್ವೇಲಿಯ ಇಂಡಿಯನ್ ಮಿಷನರಿ ಸೊಸೈಟಿ 1903ರದ್ದು, ನ್ಯಾಷನಲ್ ಮಿಷನರಿ ಸೊಸೈಟಿ 1905ರದ್ದು. ಬೆಂಗಳೂರಿನಲ್ಲೇ ಇರುವ ಇಂಡಿಯನ್ ಇವ್ಯಾಂಜೆಲಿಕಲ್ ಮಿಷನ್ 1965ರಲ್ಲಿ ಶುರುವಾಯಿತು. ಎರಡು ಸಂಸ್ಥೆಗಳಿಗಾದರೂ ಬರೆಯಿರಿ. ಅವರು ನಿಮ್ಮನ್ನು ಸಂದರ್ಶಿಸುವ ಹಾಗೆ ನೀವೂ ಅವರನ್ನು ಸಂದರ್ಶಿಸಬೇಕು. ಭವಿಷ್ಯನಿಧಿ ಇದೆಯೇ, ಆರೋಗ್ಯ ವಿಮೆ ಎಷ್ಟರದ್ದು? ಬೆಂಬಲಿಗರನ್ನು ನಾನೇ ಹುಡುಕಬೇಕೇ, ಕೇಂದ್ರದಿಂದ ಬರುತ್ತದೆಯೇ? ಭಾಷೆ ಕಲಿಯಲು ಮಾತ್ರ ಎಷ್ಟು ತಿಂಗಳು ಬಿಡುತ್ತೀರಿ? ಮಕ್ಕಳ ಸುರಕ್ಷತೆಗೆ ಬರೆದಿಟ್ಟ ನಿಯಮ ಇದೆಯೇ? ಲೆಕ್ಕಪರಿಶೋಧನೆಯ ವರದಿ ತೋರಿಸುತ್ತೀರಾ? ಐದು ವರ್ಷದಲ್ಲಿ ಬಿಟ್ಟುಹೋದವರು ಯಾಕೆ ಬಿಟ್ಟರು? ಕೊನೆಯ ಎರಡಕ್ಕೆ ಮುಖ ಗಂಟಿಕ್ಕುವ ಸಂಸ್ಥೆಗೆ ಸೇರಬೇಡಿ.

ಬಾಸೆಲಿಗೆ ಅರ್ಜಿ ಹಾಕುವವರು ತಮ್ಮ ಬದುಕಿನ ಕಥೆಯನ್ನು ಸ್ವಂತ ಕೈಯಿಂದ ಬರೆದು ಕಳುಹಿಸಬೇಕಿತ್ತು, ಮದುವೆಗೂ ಸಮಿತಿಯ ಅನುಮತಿ ಬೇಕಿತ್ತು. ಇಂದು ಅಷ್ಟು ಬಿಗಿ ಇಲ್ಲ. ಆದರೂ ಅರ್ಜಿಯ ಜೊತೆ ಬದುಕಿನ ಕಥೆ ಕೇಳುವವರಿದ್ದಾರೆ, ನಿಮ್ಮ ನೋಟ್‌ಬುಕ್ ಆಗ ಕೈಹಿಡಿಯುತ್ತದೆ. ಕಥೋಲಿಕರಿಗಾದರೆ ಧಾರ್ಮಿಕ ಸಭೆಗಳಲ್ಲಿ ಮೆಟ್ಟಿಲುಗಳು ಮೊದಲೇ ಇವೆ: ಬಂದು ನೋಡುವ ಶಿಬಿರ, ಅಭ್ಯರ್ಥಿತನ, ಕನಿಷ್ಠ ಹನ್ನೆರಡು ತಿಂಗಳ ನೊವಿಶಿಯೇಟ್ (ವ್ರತಕ್ಕೆ ಮುಂಚಿನ ತರಬೇತಿ), ತಾತ್ಕಾಲಿಕ ವ್ರತ, ವರ್ಷಗಳ ನಂತರ ನಿತ್ಯವ್ರತ. ಅವಸರಕ್ಕೆ ಅಲ್ಲಿ ಜಾಗವೇ ಇಲ್ಲ. ಪ್ರೊಟೆಸ್ಟೆಂಟ್ ಕಡೆ ಆ ಮೆಟ್ಟಿಲುಗಳನ್ನು ನಾವೇ ಕಟ್ಟಿಕೊಳ್ಳಬೇಕು.

ಕಾನೂನು. ಸಂವಿಧಾನದ 25ನೇ ವಿಧಿ ಧರ್ಮವನ್ನು ಅನುಸರಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕು ಕೊಡುತ್ತದೆ. ಅದಕ್ಕೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯದ ಮಿತಿ ಇದೆ. ಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟು 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಒಡಿಶಾದಲ್ಲಿ 1967ರಿಂದ, ಬೇರೆ ಹಲವು ರಾಜ್ಯಗಳಲ್ಲಿ ಆಮೇಲೆ, ಬಲವಂತ, ಆಮಿಷ, ವಂಚನೆಯ ಮತಾಂತರಕ್ಕೆ ಶಿಕ್ಷೆ ವಿಧಿಸುವ ಕಾಯ್ದೆಗಳಿವೆ. ನೀವು ಹೋಗುವ ರಾಜ್ಯದ ಕಾಯ್ದೆಯನ್ನು ವಕೀಲರೊಬ್ಬರ ಜೊತೆ ಕೂತು ಸಾಲು ಸಾಲಾಗಿ ಓದಿ. ಅಕ್ಕಿಯನ್ನಾಗಲಿ ಔಷಧಿಯನ್ನಾಗಲಿ ಶಾಲೆಯ ಫೀಸನ್ನಾಗಲಿ ನಂಬಿಕೆಗೆ ಗಂಟು ಹಾಕಬೇಡಿ. ಕಾನೂನು ಇರದಿದ್ದರೂ ಅದು ತಪ್ಪೇ, ಹಸಿದವನ ಹೌದು ಹೌದಲ್ಲ. ವಿದೇಶದಲ್ಲಿರುವ ಸ್ನೇಹಿತರು ಸೇವೆಗೆಂದು ನಿಮ್ಮ ಖಾತೆಗೆ ನೇರ ದುಡ್ಡು ಹಾಕುತ್ತೇವೆಂದರೆ ಬೇಡವೆನ್ನಿ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆಗೇ ಅದು ಬರಬೇಕು.

ಹನ್ನೆರಡನೇ ತಿಂಗಳು: ಸಭೆಯ ಮುಂದೆ

ಈಗ ನೋಟ್‌ಬುಕ್, ಮೂವರ ಮಾತು, ಸಾಲದ ಹಾಳೆ, ವೈದ್ಯರ ವರದಿ, ಭೇಟಿಯ ವರದಿ, ಎಲ್ಲವನ್ನೂ ಸಭಾಪಾಲಕರಿಗೂ ಹಿರಿಯರಿಗೂ ಕೊಡಿ. ಅವರು ಓದಲು ಒಂದು ತಿಂಗಳು ಬಿಡಿ. ಒಂದು ದಿನ ಕೂಡಿ ಉಪವಾಸ ಮಾಡಿ, ನೀವು ಕೋಣೆಯಿಂದ ಹೊರಗಿದ್ದು ಅವರು ಮಾತಾಡಲಿ. ಉತ್ತರ ಮೂರರಲ್ಲಿ ಒಂದಾಗಿರುತ್ತದೆ.

"ಹೋಗಿ" ಎಂದರೆ ಜೊತೆಗೆ ಏನು ಕೊಡುತ್ತಾರೆಂದು ಕೇಳಿ. ಬರೀ ಕೈಯಿಡುವುದಾದರೆ ಸಾಲದು. ತಿಂಗಳಿಗೆ ಎಷ್ಟು, ಎಷ್ಟು ವರ್ಷ, ತಂದೆತಾಯಿಯನ್ನು ನೋಡಿಕೊಳ್ಳುವವರು ಯಾರು, ವರ್ಷಕ್ಕೊಮ್ಮೆ ಫೀಲ್ಡಿಗೆ ಬಂದು ಹೋಗುವವರು ಯಾರು, ನಡವಳಿ ಪುಸ್ತಕದಲ್ಲಿ ಬರೆಸಿ.

"ಕಾಯಿರಿ" ಎಂದರೆ ಯಾವುದಕ್ಕಾಗಿ, ಯಾವ ದಿನಾಂಕದವರೆಗೆ ಎಂದು ಕೇಳಿ. ದಿನಾಂಕವಿಲ್ಲದ ಕಾಯುವಿಕೆ ಮರ್ಯಾದೆಯಿಂದ ಹೇಳಿದ ಇಲ್ಲ, ಅದನ್ನು ಬಾಯಿಬಿಟ್ಟೇ ಹೇಳುವಂತೆ ಕೇಳಿಕೊಳ್ಳಿ.

"ಬೇಡ" ಎಂದರೆ ಕಾರಣ ಕೇಳಿ. ಕಾರಣ ಸರಿಯಿದ್ದರೆ ಒಪ್ಪಿ. ಹಿರಿಯರೂ ತಪ್ಪುತ್ತಾರೆ, ಒಳ್ಳೆಯ ಸಂಡೇ ಸ್ಕೂಲ್ ಟೀಚರನ್ನು ಕಳೆದುಕೊಳ್ಳಲು ಮನಸ್ಸಿಲ್ಲದೆ ಬೇಡವೆಂದ ಸಭೆಗಳೂ ಇವೆ. ಹಾಗನ್ನಿಸಿದರೆ ನಿಮ್ಮನ್ನು ಬಲ್ಲ ಬೇರೆ ಸಭೆಯ ಇಬ್ಬರು ಹಿರಿಯರಿಗೆ ಅದೇ ಕಾಗದಗಳನ್ನು ಕೊಟ್ಟು ಕೇಳಬಹುದು. ಮೂರನೇ ಗುಂಪಿನ ಬಳಿಗೆ ಹೋಗುವುದು ಬೇಡ.

ಹೋಗಿ ಅರ್ಧದಲ್ಲಿ ವಾಪಸು ಬರಬೇಕಾದರೆ? ಯೋಹಾನ ಮಾರ್ಕ ಪಂಫುಲ್ಯದ ಪೆರ್ಗೆಯಿಂದಲೇ ತಿರುಗಿ ಊರಿಗೆ ಹೋದ. ಅವನನ್ನು ಮತ್ತೆ ಕರೆದೊಯ್ಯುವ ವಿಷಯಕ್ಕೆ ಪೌಲನಿಗೂ ಬಾರ್ನಬನಿಗೂ ಜಗಳವಾಗಿ ಬೇರೆಯಾದರು. ಸೆರೆಮನೆಯಿಂದ ತಿಮೊಥೆಗೆ ಬರೆದ ಕೊನೆಯ ಪತ್ರದಲ್ಲಿ ಅದೇ ಪೌಲ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಎಂದ. ವಾಪಸು ಬಂದವರಿಗೆ ಆರು ತಿಂಗಳ ಇರುವಿಕೆ, ಊಟ, ಕೆಲಸ ಹುಡುಕಲು ನೆರವು ಎಂಬ ಸಾಲನ್ನೂ ಅದೇ ನಡವಳಿಯಲ್ಲಿ ಸೇರಿಸಿ. ಹೊರಡುವ ಸಂತೋಷದಲ್ಲಿರುವಾಗ ಇದು ಅಪಶಕುನದ ಮಾತಿನಂತೆ ಕೇಳುತ್ತದೆ, ಆದರೂ ಸೇರಿಸಿ.

ಬಾರ್ನಬನೂ ಪೌಲನೂ ಮೊದಲ ಪ್ರಯಾಣ ಮುಗಿಸಿ ತಮ್ಮನ್ನು ಕಳುಹಿಸಿದ ಅಂತಿಯೋಕ್ಯಕ್ಕೇ ಬಂದು, ಸಭೆಯನ್ನು ಕೂಡಿಸಿ ನಡೆದದ್ದನ್ನೆಲ್ಲ ಹೇಳಿದರು. ನಿಮ್ಮ ಮೊದಲ ವರದಿಯ ದಿನವನ್ನೂ ಹೊರಡುವ ಮೊದಲೇ ಗೊತ್ತು ಮಾಡಿ: ಹೊರಟ ಮೇಲೆ ಹದಿನೆಂಟನೇ ತಿಂಗಳ ಒಂದು ಭಾನುವಾರ, ಆರಾಧನೆಯ ನಂತರ ಒಂದು ಗಂಟೆ, ಪ್ರಶ್ನೆ ಕೇಳಲು ಅರ್ಧ ಗಂಟೆ. ವಾಪಸು ಬರುವ ರೈಲಿನ ಟಿಕೆಟ್ಟಿನ ದುಡ್ಡು ಈಗಲೇ ಬೇರೆ ಎತ್ತಿಡಲು ಖಜಾಂಚಿಗೆ ಹೇಳಿ.